ಸತ್ಯಾಂಶ: ವಿಶ್ವಕಪ್ ಅಂಕಗಳು ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರುತ್ತವೆಯೇ?

ನಾರ್ಡಿಕ್ ಸ್ಕೀಯಿಂಗ್ (ಸ್ಕೀ ಜಂಪಿಂಗ್ ಸೇರಿದಂತೆ ಹಿಮದ ಮೇಲಿನ ಕೆಲವು ಕ್ರೀಡೆಗಳ ಗುಂಪು) ವಿಶ್ವಕಪ್‌ನ ಅಂಕಪಟ್ಟಿಯಲ್ಲಿ ಅಗ್ರಸ್ಥಾನದಲ್ಲಿರುವವರ ಅಂಕಗಳು ವಿಶ್ವ ಚಾಂಪಿಯನ್‌ಷಿಪ್‌ನ ಲೆಕ್ಕಕ್ಕೂ ಸೇರುತ್ತವೆ, ಹೀಗಾಗಿ ಪದಕ ಬಹುತೇಕ ಖಚಿತ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ವಿಶ್ವಕಪ್ ಎಂಬುದು ಚಳಿಗಾಲದುದ್ದಕ್ಕೂ ನಡೆಯುವ ಸರಣಿಯಾಗಿದ್ದು, ಒಂದು ಸ್ಪರ್ಧೆಯನ್ನು ಗೆದ್ದವರಿಗೆ 100 ಅಂಕಗಳು ದೊರೆಯುತ್ತವೆ. ಎರಡು ವರ್ಷಗಳಿಗೊಮ್ಮೆ ನಡೆಯುವ ವಿಶ್ವ ಚಾಂಪಿಯನ್‌ಷಿಪ್‌ನಲ್ಲಾದರೋ ಪದಕವು ಆ ದಿನದ ಪ್ರದರ್ಶನದಿಂದಲೇ ನಿರ್ಧಾರವಾಗುತ್ತದೆ.

ತಪ್ಪು ತಿಳಿವಳಿಕೆಗೆ ಒಂದು ಕಾರಣವೂ ಇದ್ದೀತು. ಸ್ಕೀ ತೊಟ್ಟು ಇಳಿಜಾರಿನಿಂದ ದೂರಕ್ಕೆ ಜಿಗಿಯುವ ಸ್ಕೀ ಜಂಪಿಂಗ್‌ನ ಮೊದಲ ಸುತ್ತಿನಲ್ಲಿ ಜಿಗಿಯುವ ಸರದಿಯನ್ನು ವಿಶ್ವಕಪ್ ಪಟ್ಟಿಯ ಆಧಾರದಲ್ಲಿಯೇ ನಿಗದಿಪಡಿಸುವುದರಿಂದ, ಅಗ್ರಸ್ಥಾನಿ ಎಲ್ಲರಿಗಿಂತ ಕೊನೆಯಲ್ಲಿ ಜಿಗಿಯುತ್ತಾರೆ. ಅದು ಸರದಿಯಷ್ಟೇ, ಅಂಕವಲ್ಲ.

2025ರಲ್ಲಿ ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರ ವೈಯಕ್ತಿಕ ಜಂಪಿಂಗ್ ಚಿನ್ನಗಳು ಮಾರಿಯಸ್ ಲಿಂಡ್‌ವಿಕ್ ಮತ್ತು ಡೊಮೆನ್ ಪ್ರೆವ್ಟ್ಸ್ ಅವರ ಪಾಲಾದವು. ಆದರೆ ಆ ಋತುವಿನ ವಿಶ್ವಕಪ್ ಗೆದ್ದವರು ಆಸ್ಟ್ರಿಯಾದ ಡೇನಿಯಲ್ ಚೋಫೆನಿಗ್.