ಪರ–ವಿರೋಧ: ಎಂಪಿಎಚ್ ಸರ್ವೆ ಲಿಂಕ್‌ನಲ್ಲೇ ಮುಗಿಸಬಹುದಾ, ಮನೆ ಬಾಗಿಲಿಗೇ ಹೋಗಬೇಕಾ?

ಸಾರ್ವಜನಿಕ ಆರೋಗ್ಯದಲ್ಲಿ ಎಂಪಿಎಚ್ ಅನ್ನುವ ಸ್ನಾತಕೋತ್ತರ ಪದವಿ ಓದುವವರು ಕೊನೆಯ ವರ್ಷ ಒಂದು ಡಿಸರ್ಟೇಶನ್, ಅಂದರೆ ಸಂಶೋಧನಾ ಪ್ರಬಂಧ ಬರೆಯಬೇಕು. ಅದಕ್ಕಾಗಿ ತುಂಬಾ ಜನ ಸರ್ವೆ ಮಾಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಹಳ್ಳಿಗೆ ಹೋಗುವ ದಾರಿ ಮುಚ್ಚಿತು. ಗೂಗಲ್ ಫಾರ್ಮ್ ಲಿಂಕ್ ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗಿತು. ಲಾಕ್‌ಡೌನ್ ಹೋಯಿತು, ಲಿಂಕ್ ಉಳಿಯಿತು. ಅದು ಉಳಿಯಬೇಕಾ ಅನ್ನೋದು ಪ್ರಶ್ನೆ. ಒಂದೇ ಬ್ಯಾಚಿನಲ್ಲಿ ಓದಿದ ಇಬ್ಬರು ಗೆಳತಿಯರು ಇಲ್ಲಿ ಬರೆದಿದ್ದಾರೆ.

ಪರ: ಕೆಲವು ಮಾತು ಬಾಗಿಲಲ್ಲಿ ನಿಂತು ಕೇಳುವಂಥದ್ದಲ್ಲ

ಎಂಪಿಎಚ್ ಸೇರುವ ಮೊದಲು ನಾನು ಆರು ವರ್ಷ ನರ್ಸ್ ಆಗಿದ್ದೆ. ಹಾಗಾಗಿ ವಿಷಯಕ್ಕೆ ಹುಡುಕಾಡಲಿಲ್ಲ. ನೈಟ್ ಡ್ಯೂಟಿ ಮಾಡುವ ನರ್ಸ್‌ಗಳ ನಿದ್ದೆ ಮತ್ತು ಮನಸ್ಸು. ಮನಸ್ಸಿನ ಭಾಗಕ್ಕೆ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಆರಿಸಿಕೊಂಡೆ. ಕಳೆದ ಎರಡು ವಾರ ಹೇಗಿದ್ದಿರಿ ಅಂತ ಕೇಳುವ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ (ಇಲ್ಲವೇ ಇಲ್ಲ) 3ರವರೆಗೆ (ಹೆಚ್ಚುಕಡಿಮೆ ದಿನವೂ) ಅಂಕ. ಒಂಬತ್ತನೆಯದು, ಇದಕ್ಕಿಂತ ಸಾಯುವುದೇ ವಾಸಿ ಅನ್ನಿಸಿದೆಯಾ ಎಂಬ ಪ್ರಶ್ನೆ.

ಮೊದಲು ಪ್ರಯೋಗಕ್ಕೆ ಮಾಡುವ ಪೈಲಟ್ ಸರ್ವೆ ಮಾಡಿದ್ದು ಕಾಗದದಲ್ಲಿ. ವಾರ್ಡಿನಲ್ಲಿ ಮೂವತ್ತು ಜನಕ್ಕೆ ಹಂಚಿದೆ. ಇನ್‌ಚಾರ್ಜ್ ಸಿಸ್ಟರ್ ಪಕ್ಕದಲ್ಲೇ ಇಂಡೆಂಟ್ (ವಾರ್ಡಿಗೆ ಬೇಕಾದ ಸಾಮಾನಿನ ಪಟ್ಟಿ) ಬರೆಯುತ್ತಾ ಕೂತಿದ್ದರು. ಮೂವತ್ತಕ್ಕೆ ಮೂವತ್ತೂ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಒಬ್ಬ ಹುಡುಗಿ ಪ್ರಶ್ನೆ ಓದಲೂ ಇಲ್ಲ, ಸೊನ್ನೆಯ ಕಾಲಂನಲ್ಲಿ ಮೇಲಿನಿಂದ ಕೆಳಗೆ ಒಂದೇ ಗೆರೆ ಎಳೆದು ಕೊಟ್ಟಳು. ಅವಳ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಆಮೇಲೆ ಅದೇ ಪ್ರಶ್ನೆಗಳನ್ನು ಲಿಂಕ್‌ನಲ್ಲಿ ಕಳಿಸಿದೆ. ಹೆಸರು, ಫೋನ್ ನಂಬರ್, ಈಮೇಲ್ ಏನೂ ಕೇಳಲಿಲ್ಲ. ಉತ್ತರಗಳು ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ಬೆಳಗಿನ ಜಾವ ನಾಲ್ಕಕ್ಕೆ ಬಂದವು. ಆರು ಮಂದಿ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಗುರುತು ಹಾಕಿದ್ದರು. ಫಾರ್ಮ್ ಮುಗಿಸಿದ ಎಲ್ಲರಿಗೂ ಟೆಲಿ-ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 14416 ಕಾಣುವ ಹಾಗೆ ಮೊದಲೇ ಹಾಕಿಟ್ಟಿದ್ದೆ. ಆ ಆರು ಉತ್ತರ ನೋಡಿ ನಾನು ಸುಮಾರು ಹೊತ್ತು ಸುಮ್ನೆ ಕೂತುಬಿಟ್ಟೆ. ಕಾಗದವನ್ನೇ ನಂಬಿದ್ದರೆ, ಈ ನರ್ಸ್‌ಗಳೆಲ್ಲ ಚೆನ್ನಾಗಿದ್ದಾರೆ ಅಂತ ಬರೆದು ಮುಗಿಸುತ್ತಿದ್ದೆ.

ಇದು ನನ್ನೊಬ್ಬಳ ಅನುಭವ ಅಲ್ಲ. ಅಮೆರಿಕದಲ್ಲಿ ಹದಿಹರೆಯದ ಹುಡುಗರಿಗೆ ಲೈಂಗಿಕತೆ, ಡ್ರಗ್ಸ್ ಬಗ್ಗೆ ಕಾಗದದಲ್ಲೂ ಹೆಡ್‌ಫೋನ್ ಹಾಕಿದ ಕಂಪ್ಯೂಟರ್‌ನಲ್ಲೂ ಪ್ರಶ್ನೆ ಕೇಳಿ ಹೋಲಿಸಿದ ಅಧ್ಯಯನ 1998ರಲ್ಲಿ ಬಂತು. ಕಂಪ್ಯೂಟರ್ ಮುಂದೆ ಹುಡುಗರು ಒಪ್ಪಿಕೊಂಡಿದ್ದೇ ಜಾಸ್ತಿ. ನಮ್ಮ ಮನೆಗಳಲ್ಲಿ ಬೇರೆ ಥರ ಇರುತ್ತದಾ? ಮುಟ್ಟಿನ ತೊಂದರೆ ಬಗ್ಗೆ ಸೊಸೆಯನ್ನು ಕೇಳಿದರೆ ಉತ್ತರ ಕೊಡುವುದು ಅತ್ತೆ. ಅದೇ ಸೊಸೆ ರಾತ್ರಿ ಪಾತ್ರೆ ತೊಳೆದು ಮುಗಿಸಿದ ಮೇಲೆ ಫೋನ್ ಹಿಡಿದರೆ ಅವಳ ಉತ್ತರ ಅವಳದೇ.

ಇನ್ನು ದುಡ್ಡಿನ ಮಾತು. ನಮ್ಮಲ್ಲಿ ತುಂಬಾ ಜನ ಕೆಲಸ ಮಾಡುತ್ತಾ ಓದಿದವರು. ಹತ್ತು ಪುಟದ ಪ್ರಶ್ನಾವಳಿ ನಾನೂರು ಪ್ರತಿ ಅಂದರೆ ನಾಲ್ಕು ಸಾವಿರ ಪುಟದ ಜೆರಾಕ್ಸ್, ಅದೂ ನಮ್ಮ ಕೈಯಿಂದ. ಆಮೇಲೆ ಅಷ್ಟನ್ನೂ ಎಕ್ಸೆಲ್‌ಗೆ ತುಂಬುವಾಗ 24 ವರ್ಷ 42 ಆಗುತ್ತದೆ. ಫಾರ್ಮ್‌ನಲ್ಲಿ ಆ ಗೋಳು ಇಲ್ಲ.

ಲಿಂಕ್ ಅಂದರೆ ಬೇಜವಾಬ್ದಾರಿ ಅಂತ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹಗುರವಾಗಿ ಮಾತಾಡುತ್ತಾರೆ. ಆನ್‌ಲೈನ್ ಸರ್ವೆ ಹೇಗೆ ವರದಿ ಮಾಡಬೇಕು ಅನ್ನುವುದಕ್ಕೆ 2004ರಿಂದ ಚೆರ್ರೀಸ್ ಅನ್ನುವ ಪಟ್ಟಿ ಇದೆ. ಎಷ್ಟು ಜನ ಲಿಂಕ್ ತೆರೆದರು, ಎಷ್ಟು ಜನ ಕೊನೆತನಕ ತುಂಬಿದರು, ಒಬ್ಬರೇ ಎರಡು ಸಲ ತುಂಬದ ಹಾಗೆ ಏನು ಮಾಡಿದಿರಿ, ಎಲ್ಲ ಬರೆಯಬೇಕು. ನಾನು ಬರೆದೆ. ಮನೆಮನೆಗೆ ಹೋದವರು ಬೀಗ ಹಾಕಿದ ಮನೆಗಳ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಬರೆಯುತ್ತಾರಾ?

ವಿರೋಧ: ಕೇಳದೆ ಬಿಟ್ಟ ಪ್ರಶ್ನೆಗೆ ಲಿಂಕ್ ಉತ್ತರ ತರುವುದಿಲ್ಲ

ಗೆಳತಿಯ ನರ್ಸ್‌ಗಳ ವಿಷಯಕ್ಕೆ ಲಿಂಕ್ ಸರಿಯಾಗಿಯೇ ಇತ್ತು. ಎಲ್ಲರ ಕೈಯಲ್ಲೂ ಫೋನ್ ಇದೆ, ಯಾರು ಯಾರು ಅಂತ ಪಟ್ಟಿ ಇದೆ. ನನ್ನ ತಕರಾರು ಇರುವುದು, ಅಂಥ ಪಟ್ಟಿಯೇ ಇಲ್ಲದ ಜನರ ಬಗ್ಗೆ ಲಿಂಕ್ ಕಳಿಸಿ "ಗ್ರಾಮೀಣ ಮಹಿಳೆಯರ ಅಧ್ಯಯನ" ಅಂತ ಹೆಸರಿಡುವ ಡಿಸರ್ಟೇಶನ್‌ಗಳ ಬಗ್ಗೆ.

ನಮಗೆಲ್ಲ 384 ಅನ್ನುವ ಸಂಖ್ಯೆ ಬಾಯಿಪಾಠ. ಎಷ್ಟು ಜನರನ್ನು ಕೇಳಬೇಕು ಅಂತ ಹೇಳುವ ಸ್ಯಾಂಪಲ್ ಸೈಜ್ ಸೂತ್ರಕ್ಕೆ ಅಂದಾಜು ಪ್ರಮಾಣ ಶೇಕಡಾ 50, ತಪ್ಪಿನ ಮಿತಿ 5 ಅಂತ ಹಾಕಿದರೆ ಬರುವ ಉತ್ತರ ಅದು. 384 ಜನ ಸಿಕ್ಕರೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಊರಿನ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಇದ್ದರೆ ಮಾತ್ರ ಆ ಸಂಖ್ಯೆಗೆ ಬೆಲೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೆ ಓಟು ಅಂತ ಕೇಳಿದ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಜಾಸ್ತಿ ಜನ ಉತ್ತರ ಕಳಿಸಿದ್ದರು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು ಪತ್ರಿಕೆ. 48 ರಾಜ್ಯಗಳಲ್ಲಿ 46 ಗೆದ್ದವರು ರೂಸ್‌ವೆಲ್ಟ್. ಪತ್ರಿಕೆ ವಿಳಾಸ ತೆಗೆದುಕೊಂಡಿದ್ದು ಹೆಚ್ಚಾಗಿ ಫೋನ್ ಡೈರೆಕ್ಟರಿ, ಕಾರು ಇದ್ದವರ ಪಟ್ಟಿಗಳಿಂದ. ಇವತ್ತಿನ ವಾಟ್ಸಾಪ್ ಗುಂಪೂ ಅಂಥದ್ದೇ ಪಟ್ಟಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಅಂದ ಹೆಂಗಸರು ನೂರಕ್ಕೆ 33, ಗಂಡಸರು 57. ಉಳಿದ ಹೆಂಗಸರ ರಕ್ತಹೀನತೆಯನ್ನು ಯಾವ ಲಿಂಕ್‌ನಲ್ಲಿ ಕೇಳೋದು?

ನಾನು ಹೋಗಿದ್ದು ಚಳ್ಳಕೆರೆ ತಾಲ್ಲೂಕಿಗೆ. 30 ಹಳ್ಳಿ, ಹಳ್ಳಿಗೆ 7 ಮನೆ. ಲಸಿಕೆ ಸರ್ವೆಗೆ ವಿಶ್ವ ಆರೋಗ್ಯ ಸಂಸ್ಥೆ ರೂಢಿಗೆ ತಂದ, 30 ಗುಂಪು, ಗುಂಪಿಗೆ 7 ಮಕ್ಕಳು ಅನ್ನುವ ಲೆಕ್ಕದ ಮಾದರಿ ಇದು. ಊರ ನಡುವೆ ಕೂತು ನೆಲದ ಮೇಲೆ ಪೆನ್ನು ತಿರುಗಿಸಬೇಕು. ಅದರ ಮೊನೆ ತೋರಿದ ಕಡೆ ಊರ ಅಂಚಿನ ತನಕ ಮನೆ ಎಣಿಸಿ, ಚೀಟಿ ಎತ್ತಿ ಮೊದಲ ಮನೆ ಆರಿಸಬೇಕು. ಅಲ್ಲಿಂದ ಹತ್ತಿರದ ಬಾಗಿಲು, ಮತ್ತೆ ಅದರ ಹತ್ತಿರದ ಬಾಗಿಲು. ಪೆನ್ನು ತಿರುಗುವಾಗ ಮಕ್ಕಳೆಲ್ಲ ಸುತ್ತ ನಿಂತು "ನಮ್ಮನೆ ಕಡೆ, ನಮ್ಮನೆ ಕಡೆ" ಅಂತ ಕೂಗುತ್ತಿದ್ದರು. ಶೇಂಗಾ ಕೀಳುವ ಕಾಲ. ಹಗಲು ಊರಲ್ಲಿ ಯಾರೂ ಸಿಗುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಇಲ್ಲವೇ ದೀಪ ಹಚ್ಚಿದ ಮೇಲೆ ಹೋಗಬೇಕಿತ್ತು.

ಒಂದು ಮನೆಯಲ್ಲಿ ಏಳು ತಿಂಗಳ ಬಸುರಿ. ಕಬ್ಬಿಣದ ಮಾತ್ರೆ ನುಂಗ್ತೀರಾ ಅಂದೆ. "ಹ್ಞೂಂ ಮೇಡಂ, ದಿನಾ" ಅಂದಳು. ಫಾರ್ಮ್ ಆಗಿದ್ದರೆ ಅಲ್ಲಿಗೆ ಮುಗಿಯಿತು. ಸ್ಟ್ರಿಪ್ ತೋರಿಸ್ತೀರಾ ಅಂದೆ. ಅಕ್ಕಿ ಡಬ್ಬದ ಹಿಂದಿನಿಂದ ಆರು ಸ್ಟ್ರಿಪ್ ತಂದಳು. ಒಂದೇ ಒಂದು ಮಾತ್ರೆ ಕಿತ್ತಿರಲಿಲ್ಲ. ಒಳಗಿನಿಂದ ಅತ್ತೆ, "ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗ್ತದೆ ಅಂತ ನಾನೇ ಬ್ಯಾಡ ಅಂದೆ" ಅಂದರು. ಅವಳು ಮೆಲ್ಲಗೆ, ಮೊದಲ ದಿನ ನುಂಗಿದಾಗ ವಾಂತಿ ಆಯ್ತು ಅಂದಳು. ಹಾಗಾದರೆ ಅವಳು ನುಂಗಿದ್ದು ಆವತ್ತು ಆಶಾ ಅಕ್ಕ ಕೈಗೆ ಕೊಟ್ಟ ಒಂದೇ ಮಾತ್ರೆ. ಬಸುರಿಗೆ 180 ದಿನ ಮಾತ್ರೆ ಕೊಡಬೇಕು ಅಂತ ಕಾರ್ಯಕ್ರಮ ಇದೆ. ಅದೇ ಸಮೀಕ್ಷೆಯ ಪ್ರಕಾರ ಅಷ್ಟು ದಿನ ನುಂಗಿದವರು ದೇಶದಲ್ಲಿ ನೂರಕ್ಕೆ 26 ತಾಯಂದಿರು. ಉಳಿದವರು ಯಾಕೆ ನುಂಗಲಿಲ್ಲ ಅನ್ನೋದು ನನಗೆ ಸಿಕ್ಕಿದ್ದು ಆ ಅಡುಗೆಮನೆಯಲ್ಲಿ. ನನ್ನ ಪ್ರಶ್ನಾವಳಿಯಲ್ಲಿ ಅತ್ತೆಗೆ ಪ್ರಶ್ನೆಯೇ ಇರಲಿಲ್ಲ.

ನಮ್ಮ ರಾಜ್ಯದ್ದೇ ದೊಡ್ಡ ಉದಾಹರಣೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಜನ ಜ್ವರದಿಂದ ಸಾಯುತ್ತಿದ್ದರು. ಕಾಡಿನಲ್ಲಿ ಮಂಗಗಳೂ ಸಾಯುತ್ತಿವೆ ಅನ್ನೋದು ಊರಿನವರಿಗೆ ಗೊತ್ತಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಹಳದಿ ಜ್ವರ ಇರಬಹುದಾ ಅಂತ ಹೆದರಿದರು. ಆಮೇಲೆ ಸಿಕ್ಕಿದ್ದು ಉಣುಗು ಅನ್ನುವ ರಕ್ತ ಹೀರುವ ಹುಳದಿಂದ ಹರಡುವ ಹೊಸ ವೈರಸ್. ಜ್ವರದ ಯಾವ ಪ್ರಶ್ನಾವಳಿಯಲ್ಲಿ "ನಿಮ್ಮ ಕಡೆ ಮಂಗ ಸಾಯ್ತಿವೆಯಾ" ಅಂತ ಇರುತ್ತದೆ ಹೇಳಿ?

ತಂತ್ರಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಜೆರಾಕ್ಸ್ ಖರ್ಚು, 24–42ರ ಗೋಳು ನನಗೂ ಗೊತ್ತು. ಅದಕ್ಕೇ ಪ್ರಶ್ನಾವಳಿ ತುಂಬುವ ಕೋಬೋ ಟೂಲ್‌ಬಾಕ್ಸ್ ಅನ್ನುವ ತಂತ್ರಾಂಶ ಫೋನಿಗೆ ಹಾಕಿಕೊಂಡು ಹೋದೆ. ಅದು ಪುಕ್ಕಟೆ, ನೆಟ್‌ವರ್ಕ್ ಇಲ್ಲದ ಊರಲ್ಲೂ ಉತ್ತರ ಉಳಿಸಿಕೊಳ್ಳುತ್ತದೆ, ಸಂಜೆ ಬಸ್ ಸ್ಟ್ಯಾಂಡಿಗೆ ಬಂದು ಕಳಿಸಿದರಾಯಿತು. ರಾಷ್ಟ್ರೀಯ ಸಮೀಕ್ಷೆಯವರೂ 6 ಲಕ್ಷಕ್ಕೂ ಹೆಚ್ಚು ಮನೆಗಳ ಬಾಗಿಲಿಗೆ ಹೋಗಿ ಕಂಪ್ಯೂಟರ್‌ನಲ್ಲೇ ತುಂಬಿಸಿದ್ದು. ಬಸ್ ಚಾರ್ಜನ್ನು ವಿದ್ಯಾರ್ಥಿಯ ತಲೆಗೆ ಕಟ್ಟುವುದು ತಪ್ಪು. ಕಾಲೇಜು ಕೊಡಬೇಕು, ಕೇಳಿ ಪಡೆಯಬೇಕು.

ಒಂಬತ್ತನೇ ಪ್ರಶ್ನೆಯ ಬಗ್ಗೆ ಗೆಳತಿ ಹೇಳಿದ್ದು ನಿಜ. ವಾರ್ಡಿನಲ್ಲಿ ಆ ಉತ್ತರ ಬರುತ್ತಿರಲಿಲ್ಲ. ಆದರೆ ಒಂದು ಖಾಲಿ ರೂಮು, ಒಂದು ಕುರ್ಚಿ, ಇನ್‌ಚಾರ್ಜ್ ಇಲ್ಲದ ಅರ್ಧ ಗಂಟೆ ಸಿಕ್ಕಿದ್ದರೆ ಅವಳ ಎದುರಿಗೇ ಬರುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಅವಳೇ ಆರು ವರ್ಷ ಆ ಡ್ಯೂಟಿ ಮಾಡಿದವಳು. ಆ ಆರು ಉತ್ತರಗಳನ್ನು ಅವಳು ನನ್ನ ಹಾಸ್ಟೆಲ್ ರೂಮಿಗೆ ಬಂದು ತೋರಿಸಿದಳು. ಒಂದರ ಪಕ್ಕ ಬೆಳಗಿನ ಜಾವ 3:52 ಅಂತ ಇತ್ತು. ಹೆಸರಿಲ್ಲ, ನಂಬರಿಲ್ಲ. 14416ಕ್ಕೆ ಅವರು ಫೋನ್ ಮಾಡಿದರಾ ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.