ಕಾಫಿ ಕೊಯ್ಲಿನ ಚಳಿಯೇ ನಮಗೆ ಜಾಸ್ತಿ

ಆರ್ಕ್ಟಿಕ್‌ನ ಮೈನಸ್ 30 ಡಿಗ್ರಿಯಲ್ಲಿ ವಿದ್ಯಾರ್ಥಿಗಳು ಹಿಮ ಕೊರೆದು ಮಾದರಿ ತೆಗೆಯುವುದನ್ನು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಓದುತ್ತಾ ನನ್ನ ಬೆರಳೇ ಜುಮ್ಮೆಂದಿತು. ನಾನು ಮಡಿಕೇರಿ ಹತ್ತಿರದವನು. ಜನವರಿ ಬೆಳಿಗ್ಗೆ ತೋಟಕ್ಕೆ ಇಳಿದರೆ ಇಬ್ಬನಿಗೆ ಕೈ ಮರಗಟ್ಟಿ, ಕಾಫಿ ಹಣ್ಣು ಹಿಡಿದದ್ದೇ ಗೊತ್ತಾಗುವುದಿಲ್ಲ. ಅದೂ ಬರೀ 12 ಡಿಗ್ರಿಗೆ!

ಅಲ್ಲಿ ದಪ್ಪ ಗ್ಲೌಸ್ ಹಾಕಿದರೆ ಸಣ್ಣ ಸ್ಕ್ರೂ ತಿರುಗಿಸಲು ಆಗುವುದಿಲ್ಲ, ತೆಗೆದರೆ ಬೆರಳಿಗೇ ಅಪಾಯ. ಪೆನ್ನಿನ ಶಾಯಿ ಗಟ್ಟಿಯಾಗುತ್ತದೆ, ಅದಕ್ಕೇ ಪೆನ್ಸಿಲ್. ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ ಅಂತ ಜಾಕೆಟ್ ಒಳಗೆ ಮೈಗೆ ಒತ್ತಿ ಇಟ್ಟುಕೊಳ್ಳುತ್ತಾರೆ, ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ.

ನಮ್ಮ ದೇಶದ ಆರ್ಕ್ಟಿಕ್ ಸಂಶೋಧನಾ ಕೇಂದ್ರ ‘ಹಿಮಾದ್ರಿ’ಯ ಬಗ್ಗೆಯೂ ಎರಡು ಸಾಲು ಬರೆಯಬೇಕಿತ್ತು, ಅಲ್ವಾ? 2008ರಿಂದ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನಲ್ಲಿದೆ. ಉತ್ತರ ಧ್ರುವಕ್ಕೆ ಸುಮಾರು 1,200 ಕಿ.ಮೀ. ಅಷ್ಟೇ. ಮೊದಲು ನಮ್ಮ ವಿಜ್ಞಾನಿಗಳು ಬೇಸಿಗೆಯಲ್ಲಿ ಹೋಗುವುದೇ ಹೆಚ್ಚಿತ್ತು. 2023ರ ಡಿಸೆಂಬರ್‌ನಲ್ಲಿ ಮೊದಲ ಚಳಿಗಾಲದ ತಂಡ ಹೊರಟಿತು. ಆಗ ಅಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಹುಟ್ಟುವುದಿಲ್ಲ. ನಮಗೆ ಮಳೆಗಾಲದ ಆಟಿ ತಿಂಗಳಲ್ಲಿ ನಾಲ್ಕು ದಿನ ಬಿಸಿಲು ಕಾಣದಿದ್ದರೆ ತಲೆ ಕೆಡುತ್ತದೆ!

ಅಲ್ಲಿ ಊರಿನ ಗಡಿ ದಾಟಿದರೆ ಹಿಮಕರಡಿ ಭಯ, ಕೋವಿ ಜೊತೆಗಿರಬೇಕು. ಕೋವಿ ಹಿಡಿಯುವುದನ್ನು ಮಾತ್ರ ನಮ್ಮ ಕೊಡಗಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ.