ಸಿಲ್ಕ್ ಬೋರ್ಡ್ ಆಟ ಮತ್ತು ನಮ್ ಬಿಲ್ಡಿಂಗ್ ದೊಡ್ಡೋರು

ಚೆಸ್ ಕಾಯಿ ತಗೊಂಡೋಗಿ ಲೂಡೋ ಬೋರ್ಡ್ ಮೇಲಿಟ್ರೆ ಮಕ್ಕಳಿಗೆ ಬೈಯೋ ಅಪ್ಪ ಅಮ್ಮಂದಿರ ಮೇಲೆ ನಂದೊಂದು ತಕರಾರಿದೆ. ರಜ ಶುರುವಾದಾಗಿಂದ ನಮ್ ಬಿಲ್ಡಿಂಗ್ ಮೆಟ್ಟಿಲ ಹತ್ರ ಇದೇ ನಡೀತಿದೆ, ಮಕ್ಕಳು ನಾಲ್ಕು ಡಬ್ಬದ ಕಾಯಿ ಕಲಸ್ಕೊಂಡು ಏನೋ ಆಡ್ತಿರ್ತವೆ, ಯಾರೋ ದೊಡ್ಡೋರು ಬಂದು "ಹಂಗಲ್ಲ ಪುಟ್ಟ, ಕುದುರೆ ಎರಡೂವರೆ ಮನೆ ಹೋಗ್ಬೇಕು" ಅಂತ ಪಾಠ ಶುರು ಹಚ್ಕೋತಾರೆ, ಅಲ್ಲಿಗೆ ಆಟ ಖಲ್ಲಾಸ್.

ಏನಾಡ್ತಿದಾವೆ ಅಂತ ಒಂದ್ಸಲ ಕೂತು ನೋಡಿ ಸ್ವಾಮಿ. ಆಟದ ಹೆಸರು ಸಿಲ್ಕ್ ಬೋರ್ಡ್, ಟ್ರಾಫಿಕ್ ಜಾಮ್‌ಗೆ ಹೆಸರಾದ ನಮ್ ಬೆಂಗಳೂರಿನ ಜಂಕ್ಷನ್ನಿಂದು. ಲೂಡೋ ಮಧ್ಯದ ಚೌಕವೇ ಜಂಕ್ಷನ್ನು. ಆನೆ ಬಿಎಂಟಿಸಿ ಬಸ್ಸು, ನೆಟ್ಟಗೆ ಮಾತ್ರ ಹೋಗತ್ತೆ, ತಿರುಗ್ಬೇಕಂದ್ರೆ ಒಂದು ಚಾನ್ಸ್ ಬಿಡ್ಬೇಕು. ಸಿಪಾಯಿ ಸ್ಕೂಟರು, ಅಡ್ಡಡ್ಡ ನುಗ್ಬೋದು ಯಾಕಂದ್ರೆ ಅದು ಫುಟ್‌ಪಾತ್ ಹತ್ತತ್ತಂತೆ, ಹತ್ತಿದ್ರೆ ಮಾತ್ರ ಬಿಸಿನೆಸ್ ಆಟದ ನೋಟಲ್ಲಿ ಫೈನು. ಆರು ಬಿತ್ತು ಅಂತ ಕುಣಿಯೋ ಹಂಗಿಲ್ಲ, ಆರು ಅಂದ್ರೆ ಕೆಂಪು ಸಿಗ್ನಲ್, ಎಲ್ಲರ ಗಾಡೀನೂ ನಿಲ್ಬೇಕು. ರಾಣಿ ಆಂಬುಲೆನ್ಸು.

ಗಲಾಟೆ ಆಗಿದ್ದು ಇಲ್ಲೇ. ಆಂಬುಲೆನ್ಸ್‌ಗೆ ಎಲ್ಲರೂ ದಾರಿ ಬಿಡೋದ್ರಿಂದ ರಾಣಿ ಸಿಕ್ಕಿದೋರೇ ಪ್ರತಿ ಸಲ ಗೆಲ್ಲೋರು. ಮೂರನೇ ಫ್ಲೋರ್ ಹುಡುಗಿ ಒಬ್ಳು ಮೋಸ ಮೋಸ ಅಂತ ಅತ್ಕೊಂಡು ಎದ್ದೋದ್ಲು, ಮಾರನೇ ದಿನ ಅವಳೇ ಹೊಸ ರೂಲ್ ತಂದ್ಲು ನೋಡಿ, ಕೇರಂನ ಕೆಂಪು ಕಾಯಿ ಪೇಷೆಂಟು, ರಾಣಿ ಜಂಕ್ಷನ್ ದಾಟಿ ಹೋಗಿ ಪೇಷೆಂಟ್‌ನ ಹತ್ತಿಸ್ಕೊಂಡು ಹೊರಟ ಜಾಗಕ್ಕೇ ವಾಪಸ್ ಬರ್ಬೇಕು. ದಾರಿ ಡಬಲ್ ಆಯ್ತು, ಆಟ ಸಮ ಆಯ್ತು. ವಿಡಿಯೋ ಗೇಮ್ ಕಂಪನಿಗಳು ಇದೇ ಕೆಲಸಕ್ಕೆ ಸಂಬಳ ಕೊಟ್ಟು ಜನ ಇಟ್ಕೊಂಡಿರ್ತಾರೆ ಕಣ್ರೀ.

ಸರಿಯಾದ ರೂಲ್ಸು ಅನ್ನೋರಿಗೆ ಒಂದು ಮಾತು. ಚೌಕಾಬಾರ ಆಡಿದೀರಲ್ಲ, ಎದುರಾಳಿ ಕಾಯಿ ಒಂದಾದ್ರೂ ಕಡೀದೆ ಒಳಮನೆಗೆ ಹೋಗಂಗಿಲ್ಲ ಅಂತ ಒಂದು ಮನೇಲಿ, ಹೋಗ್ಬೋದು ಬಿಡಿ ಅಂತ ಪಕ್ಕದ ಮನೇಲಿ, ಜೋಡಿ ಕಾಯಿ ಕಡೀಬೋದಾ ಅನ್ನೋದಕ್ಕೆ ಅತ್ತೆ ಸೊಸೆ ಮಾತು ಬಿಟ್ಟಿದ್ದೂ ಇರತ್ತೆ. ಆದ್ರೂ ಎಲ್ಲ ಮನೇಲೂ ಕಾಯಿ ಹಣ್ಣಾಗ್ತಿತ್ತು ತಾನೇ? ಈ ಲೂಡೋನೇ ತಗೊಳ್ಳಿ, ನಮ್ಮ ಪಗಡೇನ ಇಂಗ್ಲಿಷ್‌ನೋರು ಸಸಾರ ಮಾಡಿ, ದಾಳಾನೂ ಬದಲಾಯಿಸಿ, ಡಬ್ಬದಲ್ಲಿ ಹಾಕಿ ಮಾರಿದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿದ್ಕೊಂಡು ಕೂತು ಹೊಸ ಹೊಸ ಮಣೆ ಆಟ ಕಟ್ಟೋರು, ಅವರಿಗೆ ಯಾರೂ ಹಂಗಲ್ಲ ಪುಟ್ಟ ಅನ್ಲಿಲ್ಲ. ಚೆಸ್ ಕೋಚಿಂಗ್ ಪೇರೆಂಟ್ಸೇ, ಚೆಸ್ ವಿಶ್ವ ಚಾಂಪಿಯನ್ ಆಗಿದ್ದ ನಿಮ್ಮ ಬಾಬಿ ಫಿಷರ್ರೇ 1996ರಲ್ಲಿ ಹಿಂದಿನ ಸಾಲಿನ ಕಾಯಿಗಳ್ನ ಕಲಸಿಟ್ಟು ಆಡೋಣ ಅಂದ, 960 ಥರ ಜೋಡಿಸ್ಬೋದು, ಈಗ ಅದ್ರಲ್ಲೂ ದೊಡ್ಡ ದೊಡ್ಡ ಟೂರ್ನಮೆಂಟ್ ನಡೆಯತ್ತೆ.

ಕೋಚಿಂಗ್ ಬೇಡ ಅಂತಿಲ್ಲ, ಕಳಿಸಿ. ಆದ್ರೆ ಬರೆದಿಟ್ಟ ರೂಲ್ ಪಾಲಿಸೋದು ಬೇರೆ, ಐದು ಜನ ಜಗಳಾಡಿ ಎಲ್ಲರೂ ಒಪ್ಪೋ ರೂಲ್ ಮಾಡೋದು ಬೇರೆ. ಎರಡನೇದು ನಮ್ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಲ್ಲಿ ಇವತ್ತಿನವರೆಗೂ ಆಗಿಲ್ಲ. ಪಾರ್ಕಿಂಗ್ ವಿಷ್ಯ ಎತ್ತಿದ್ರೆ ಸಾಕು, ಕುರ್ಚಿ ತಳ್ಕೊಂಡು ಎದ್ದೋಗ್ತಾರೆ, ಮಾರನೇ ದಿನ ಹೊಸ ರೂಲ್ ತರೋರೂ ಇಲ್ಲ.

ಹಂಗಂತ ಎಷ್ಟು ಕ್ರಿಯೇಟಿವ್ ನಮ್ ಮಕ್ಕಳು ಅಂತ ರೀಲ್ಸ್ ಮಾಡೋಕೂ ಹೋಗ್ಬೇಡಿ, ದಮ್ಮಯ್ಯ, ಇದನ್ನೂ ಒಂದು ಸಮ್ಮರ್ ಕ್ಯಾಂಪ್ ಮಾಡಿ ಫೀಸ್ ಇಡ್ಬೇಡಿ. ಕಾಯಿ ಕಳೆದ್ರೆ ಕಳೀಲಿ, ಒಂದು ಬಟನ್ ಇಟ್ರಾಯ್ತು.

ಈಗ ಮೆಟ್ರೋ ಸೇರಿಸ್ಬೇಕಂತೆ, ಹಳಿಗೆ ಡಾಮಿನೋ ಬಿಲ್ಲೆ ಬೇಕಂತೆ. ಯಾರ ಮನೇಲಾದ್ರೂ ಅರ್ಧಂಬರ್ಧ ಸೆಟ್ ಬಿದ್ದಿದ್ರೆ ಹೇಳಿ, ಗಿರಿನಗರ, ಬನಶಂಕರಿ ಕಡೆ ಆದ್ರೆ ನಾನೇ ಬಂದು ಇಸ್ಕೋತೀನಿ.